ನಿಮಗಿದು ಗೊತ್ತೇ? ಸೊಂಟ, ಕಿವಿ, ಕಣ್ಣು: ಡಾಕ್ಟರು ಮೊದಲು ಕೇಳಬೇಕಾದ್ದು

ದೋಟಿ ಹಿಡಿದು ಅಡಿಕೆ ಕೊಯ್ಯುವ ಒಂದೇ ಭಂಗಿಯಿಂದ ಕತ್ತು, ಕಿವಿ, ಕಣ್ಣು ಮೂರರ ದೂರೂ ಹುಟ್ಟಬಹುದೆಂದು ಗೊತ್ತೇ? ಸುಳ್ಯ ತಾಲೂಕಿನ ಆಲೆಟ್ಟಿಯಂಥ ಊರಿನಲ್ಲಿ ಈಗ ಮರ ಹತ್ತುವವರು ಕಡಿಮೆ. ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಗೊನೆ ಇಳಿಸುವವರು ಹೆಚ್ಚು. ತಲೆಯನ್ನು ಹಿಂದಕ್ಕೆ ಚೆಲ್ಲಿ ಗಂಟೆಗಟ್ಟಲೆ ಮೇಲೆ ನೋಡಿದರೆ ಕುತ್ತಿಗೆ, ಭುಜ ಹಿಡಿಯುತ್ತದೆ. ಕೆಲವರಿಗೆ ತಲೆ ಎತ್ತಿದ ಕೂಡಲೇ ತೋಟವೇ ಸುತ್ತಿದಂತಾಗುತ್ತದೆ. ಅದರ ಮೂಲ ಒಳಗಿವಿಯಲ್ಲಿ. ಗೊನೆಯ ಜೊತೆ ಉದುರುವ ಧೂಳು, ಒಣ ಹಿಂಗಾರದ ಚೂರು ನೇರ ಕಣ್ಣಿಗೆ ಬೀಳುತ್ತದೆ. ಈ ಮೂರು ದೂರಿನವರೂ ಆಸ್ಪತ್ರೆಗೆ ಬಂದರೆ ಒಬ್ಬರು ಮೂಳೆ ಡಾಕ್ಟರ ಬಳಿ, ಒಬ್ಬರು ಕಿವಿ ಡಾಕ್ಟರ ಬಳಿ, ಒಬ್ಬರು ಕಣ್ಣಿನ ಡಾಕ್ಟರ ಬಳಿ ಸಾಲು ನಿಲ್ಲುತ್ತಾರೆ. ಮೂವರಿಗೂ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಏನು ಕೆಲಸ ಮಾಡುತ್ತೀರಿ, ಹೇಗೆ ಮಾಡುತ್ತೀರಿ?

ಆ ಪ್ರಶ್ನೆಗೆ ಮುನ್ನೂರು ವರ್ಷ ದಾಟಿದೆ. ಇಟಲಿಯ ಬರ್ನಾರ್ಡಿನೊ ರಮಾಜ್ಜಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಬರೆದ. ಹಿಪೊಕ್ರೆಟಿಸನ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತಿದ್ದ ಪ್ರಶ್ನೆಗಳ ಪಟ್ಟಿಗೆ ‘ನಿನ್ನ ಕಸುಬು ಯಾವುದು?’ ಎಂಬುದನ್ನೂ ಸೇರಿಸಬೇಕೆಂದು ಅವನು ಒತ್ತಾಯಿಸಿದ. ಒಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಇರುತ್ತದೆ. ಕಸುಬಿಗೂ ಒಂದು ಗೆರೆ ಜಾಗ ಬಿಟ್ಟರೆ ರೋಗಪತ್ತೆಯ ಅರ್ಧ ದಾರಿ ಅಲ್ಲೇ ಮುಗಿಯುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಹಳ್ಳಿಯ ಉಪಕೇಂದ್ರಗಳನ್ನು ಮೇಲ್ದರ್ಜೆಗೆ ಏರಿಸುವಾಗ ಅಲ್ಲಿ ಸಿಗಬೇಕಾದ 12 ಬಗೆಯ ಸೇವೆಗಳನ್ನು ಗುರುತಿಸಲಾಯಿತು. ಬಾಣಂತನ, ಲಸಿಕೆ, ಬಿಪಿ, ಸಕ್ಕರೆ ಎಲ್ಲರಿಗೂ ಗೊತ್ತು. ಕಣ್ಣು ಮತ್ತು ಕಿವಿ, ಮೂಗು, ಗಂಟಲಿನ ಸಾಮಾನ್ಯ ತೊಂದರೆಗಳ ಆರೈಕೆಯೂ ಆ ಪಟ್ಟಿಯಲ್ಲಿದೆ. ಕೇಳಿ ಪಡೆಯುವವರು ಕಡಿಮೆ, ಅಷ್ಟೇ.

ಸೊಂಟನೋವಿನಿಂದ ಶುರುಮಾಡೋಣ. 2020ರ ಅಂದಾಜಿನಂತೆ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಈ ನೋವಿತ್ತು. ಮನುಷ್ಯರ ದುಡಿಮೆಯ ಶಕ್ತಿಯನ್ನು ಇಷ್ಟು ಕುಗ್ಗಿಸುವ ತೊಂದರೆ ಬೇರೊಂದಿಲ್ಲ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೆ ಒಡೆದ ಮೂಳೆ, ಸೋಂಕು, ಗಡ್ಡೆ ಎಂದು ಬೆರಳಿಟ್ಟು ತೋರಿಸುವ ಕಾರಣ ಇರುವುದಿಲ್ಲ. ಹೊಸದಾಗಿ ಬಂದ ನೋವು ಹೆಚ್ಚಿನವರಿಗೆ ಆರು ವಾರದೊಳಗೆ ಬಹಳಷ್ಟು ಇಳಿಯುತ್ತದೆ. ಮಲಗಿಯೇ ಇದ್ದರೆ ನಿಧಾನ, ಮೆಲ್ಲಗೆ ಓಡಾಡಿದರೆ ಬೇಗ.

ಹಾಗಾದರೆ ಎಂಆರ್‌ಐ ಮಾಡಿಸಿದಾಗ ‘ಡಿಸ್ಕ್ ಸವೆದಿದೆ’ ಎಂದು ಬರುತ್ತದಲ್ಲ? ನೋವೇ ಇಲ್ಲದವರ ಬೆನ್ನನ್ನು ಸ್ಕ್ಯಾನ್ ಮಾಡಿದ ಹತ್ತಾರು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. 20ರ ವಯಸ್ಸಿನವರಲ್ಲೇ ಶೇ. 37 ಮಂದಿಗೆ, 80ರವರಲ್ಲಿ ಶೇ. 96 ಮಂದಿಗೆ ಡಿಸ್ಕ್ ಸವೆತ ಕಂಡಿತು. ಅವರಲ್ಲಿ ಯಾರಿಗೂ ಬೆನ್ನುನೋವಿರಲಿಲ್ಲ. ನರೆತ ಕೂದಲನ್ನು ರೋಗ ಅನ್ನುವುದಿಲ್ಲವಲ್ಲ, ಇದೂ ಹಾಗೆಯೇ. ಕಷ್ಟಪಟ್ಟು ಕೂಡಿಸಿದ ದುಡ್ಡನ್ನು ಮೊದಲ ವಾರವೇ ಸ್ಕ್ಯಾನಿಗೆ ಸುರಿಯುವವರನ್ನು ಕಂಡಾಗ ಸಂಕಟವಾಗುತ್ತದೆ.

ಆದರೆ ಸ್ಕ್ಯಾನ್ ಬೇಕೇಬೇಕಾದ ಬೆನ್ನುನೋವೂ ಇದೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಎರಡೂ ಕಾಲು ಸೋತರೆ ಅದು ಬೆನ್ನುಹುರಿಯ ಕೊನೆಯ ನರಗಳ ಗೊಂಚಲು ಒತ್ತಿಹೋದ ಸೂಚನೆ. ನಾಳೆ ನೋಡೋಣ ಎನ್ನುವಂತಿಲ್ಲ, ಅಂದೇ ದೊಡ್ಡ ಆಸ್ಪತ್ರೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಇಂಗ್ಲೆಂಡಿನ ಪರ್ಸಿವಲ್ ಪಾಟ್ 1779ರಲ್ಲೇ ಅದನ್ನು ವಿವರಿಸಿದ್ದ, ನಮ್ಮಲ್ಲಿ ಇಂದಿಗೂ ಅದು ಹಳೆಯ ಕಥೆಯಾಗಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರ, ಬಹುಕಾಲ ಸ್ಟೆರಾಯ್ಡ್ ಮಾತ್ರೆ ನುಂಗಿದವರ ಹೊಸ ಬೆನ್ನುನೋವೂ ಇದೇ ಸಾಲಿಗೆ ಸೇರುತ್ತದೆ.

ನರ ಒತ್ತಿದೆಯೇ ಎಂದು ತಿಳಿಯಲು ಮಂಚ ಒಂದಿದ್ದರೆ ಸಾಕು. ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಕಾಲನ್ನು ಮೆಲ್ಲಗೆ ಎತ್ತುತ್ತಾರೆ. 30ರಿಂದ 70 ಡಿಗ್ರಿಯ ನಡುವೆ ನೋವು ಮಂಡಿಯ ಕೆಳಗೂ ಚಳಕ್ಕೆಂದು ಹರಿದರೆ ಸಂಶಯ ಬಲವಾಗುತ್ತದೆ. ಆಮೇಲೆ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ. ಯಾವುದು ಆಗುವುದಿಲ್ಲವೋ ಅದರಿಂದ ಯಾವ ಮಟ್ಟದ ನರ ಸೋತಿದೆ ಎಂಬ ಸುಳಿವು ಸಿಗುತ್ತದೆ.

ಇನ್ನೊಂದು ಬಗೆ ಬಹಳ ಸಲ ಕಣ್ತಪ್ಪಿ ಹೋಗುತ್ತದೆ. ಇಪ್ಪತ್ತೈದು ಮೂವತ್ತರ ಯುವಕ, ಮೂರು ತಿಂಗಳು ಮೀರಿದ ಸೊಂಟನೋವು, ಬೆಳಿಗ್ಗೆ ಎದ್ದಾಗ ಮೈ ಮರಗಟ್ಟಿದಂತೆ, ಕೆಲಸಕ್ಕೆ ಇಳಿದ ಮೇಲೆ ಹಗುರ. ವಿಶ್ರಾಂತಿಯಿಂದ ಹೆಚ್ಚಾಗಿ, ದುಡಿಮೆಯಿಂದ ಕಡಿಮೆಯಾಗುವ ಬೆನ್ನುನೋವು ಉರಿಯೂತದ ಗಂಟುರೋಗದ್ದು. ಇವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಒಂದಲ್ಲ ಒಂದು ದಿನ ಕಣ್ಣೊಳಗೂ ಉರಿಯೂತ ಬರುತ್ತದೆ. ಕಣ್ಣು ಕೆಂಪಾಗಿ, ನೋಯುತ್ತ, ಬೆಳಕು ತಡೆಯದಂತಾಗುತ್ತದೆ. ಕೆಂಪು ಕಣ್ಣು ತೋರಿಸಲು ಬಂದ ಹುಡುಗನಿಗೆ ‘ಬೆನ್ನು ಹೇಗಿದೆ?’ ಎಂದು ಕೇಳುವ ಡಾಕ್ಟರು ಸಿಕ್ಕರೆ ಅದು ಅವನ ಪುಣ್ಯ.

ಅಡಿಕೆ ಮರದಿಂದ ಬಿದ್ದವರನ್ನು ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮ ಕಡೆ ಪ್ರೀತಿಯಿಂದ ಮಾಡುವ ಕೆಲಸ. ಬೆನ್ನುಮೂಳೆ ಮುರಿದಿದ್ದರೆ ಆ ಒಂದು ಏಳಿಸುವಿಕೆಯಲ್ಲೇ ಹುರಿಗೆ ಪೆಟ್ಟಾಗಬಹುದು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಉಳಿಯುವಂತೆ ಮೂರು ನಾಲ್ಕು ಜನ ಸೇರಿ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿ 108ಕ್ಕೆ ಕರೆಮಾಡಬೇಕು. ಕರ್ನಾಟಕದಲ್ಲಿ ಈ ಆಂಬುಲೆನ್ಸ್ ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಬಿದ್ದವರು ‘ಹಿಮ್ಮಡಿ ಮಾತ್ರ ನೋವು’ ಎಂದರೂ ಬೆನ್ನನ್ನು ಪರೀಕ್ಷಿಸಲೇಬೇಕು. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದುಕೊಂಡ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಸೊಂಟದ ಭಾಗದ ಬೆನ್ನುಮೂಳೆಯೂ ಮುರಿದಿರುತ್ತದೆ.

ಮಳೆಗಾಲದಲ್ಲಿ ಕಾಲು ಜಾರಿ ಪಾದ ಉಳುಕಿತು. ಎಕ್ಸ್‌ರೇ ಬೇಕೋ ಬೇಡವೋ? ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ನಿಯಮ ಇದಕ್ಕೆ ಬೆರಳತುದಿಯಲ್ಲೇ ಉತ್ತರ ಕೊಡುತ್ತದೆ. ಕಾಲಿನ ಹರಡಿನ ಎರಡು ಬದಿಯ ಉಬ್ಬು ಮೂಳೆಗಳ ಹಿಂದಿನ ಅಂಚನ್ನು ಕೆಳಗಿನ 6 ಸೆಂಟಿಮೀಟರ್‌ನಷ್ಟು ಒತ್ತಿದಾಗ ಮೂಳೆಯೇ ನೋಯುತ್ತದೆಯೇ? ಪೆಟ್ಟಾದ ಕೂಡಲೇ ಮತ್ತು ಡಾಕ್ಟರ ಎದುರಿಗೆ ನಾಲ್ಕು ಹೆಜ್ಜೆ ಇಡುವುದು ಅಸಾಧ್ಯವಾಯಿತೇ? ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಉದ್ದಮೂಳೆಯ ಬುಡ ಒತ್ತಿದರೆ ನೋವೇ? ಪಾದದ ಒಳಬದಿಯ ನಡುವಿನ ಮೂಳೆ ನೋಯುತ್ತದೆಯೇ? ಎಲ್ಲಕ್ಕೂ ‘ಇಲ್ಲ’ ಎಂದಾದರೆ ಮೂಳೆ ಮುರಿದಿರುವ ಸಾಧ್ಯತೆ ತೀರ ಕಡಿಮೆ. ಮನೆಗೆ ಹೋಗಿ ಕಾಲು ಎತ್ತರಕ್ಕಿಟ್ಟು ಮಲಗಬಹುದು. ಊರಿನಲ್ಲಿ ಎಕ್ಸ್‌ರೇ ಇಲ್ಲದ ಕಡೆ ಇದಕ್ಕಿಂತ ಉಪಕಾರದ ಸಂಶೋಧನೆ ಇನ್ನೇನು ಬೇಕು?

ಮಂಡಿಯಲ್ಲಿ ಲಟಲಟ ಸದ್ದು, ನೋವಿಲ್ಲ, ಊತವಿಲ್ಲ. ಚಿಂತೆ ಬೇಡ.

ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಚುಚ್ಚುತ್ತದೆ, ಹತ್ತು ಹೆಜ್ಜೆಗೆ ಸಡಿಲಾಗುತ್ತದೆ. ಪಾದದ ಅಡಿಯ ದಪ್ಪ ಪಟ್ಟಿಯ ತೊಂದರೆ ಅದು. ಇಷ್ಟು ಕೇಳಿದರೇ ಸಾಕು, ಎಕ್ಸ್‌ರೇಯಲ್ಲಿ ಕಾಣುವ ‘ಹಿಮ್ಮಡಿಯ ಮುಳ್ಳು’ ನೋವಿಲ್ಲದವರಲ್ಲೂ ಇರುತ್ತದೆ.

ಗಂಟುನೋವಿನಲ್ಲಿ ಗಡಿಯಾರ ಒಳ್ಳೆಯ ಸಾಕ್ಷಿ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ ಸಾಮಾನ್ಯವಾಗಿ ಸವೆತದ ವಾತ. ಒಂದು ಗಂಟೆ ಮೀರಿ, ಎರಡೂ ಕೈಯ ಬೆರಳ ಸಂದುಗಳು ಊದಿ, ವಾರಗಟ್ಟಲೆ ಹೀಗೇ ನಡೆದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಮೊದಲ ತಿಂಗಳುಗಳಲ್ಲೇ ಔಷಧ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ಇನ್ನು ಒಂದೇ ಗಂಟು ಬಿಸಿಯಾಗಿ ಊದಿ ಜ್ವರವೂ ಬಂದರೆ ಕೀವಿನ ಭಯ, ಅಂದೇ ತೋರಿಸಬೇಕು. ಕಾಲಿನ ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಹೊದಿಕೆ ತಾಗಿದರೂ ಪ್ರಾಣ ಹೋಗುವಂತಾದರೆ ಗೌಟ್. ಆ ನೋವಿನ ಹೊತ್ತಿನಲ್ಲಿ ರಕ್ತದ ಯೂರಿಕ್ ಆಮ್ಲ ಸರಿಯಾಗಿಯೇ ಇದೆಯೆಂದು ವರದಿ ಬರಬಹುದು. ಅದನ್ನು ನಂಬಿ ಗೌಟ್ ಅಲ್ಲವೆಂದು ತೀರ್ಮಾನಿಸಬಾರದು. ಎರಡು ವಾರ ಕಳೆದು ಮತ್ತೆ ನೋಡಬೇಕು.

2008ರಲ್ಲಿ ದಕ್ಷಿಣ ಕನ್ನಡಕ್ಕೆ ಚಿಕುನ್‌ಗುನ್ಯ ಬಂದದ್ದು ಇಲ್ಲಿನವರಿಗೆ ಮರೆತಿಲ್ಲ. ಮನೆಗೆ ಮನೆಯೇ ಮಲಗಿತ್ತು. ಆಗ ನರಳಿದವರನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ ಸಂಶೋಧಕರು ಎಷ್ಟೋ ಜನರಲ್ಲಿ ಗಂಟುನೋವು ಹತ್ತು ತಿಂಗಳ ನಂತರವೂ ಉಳಿದದ್ದನ್ನು ದಾಖಲಿಸಿದರು. ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ನಿಂತ ಮಳೆಗಾಲದಲ್ಲಿ ಮರಕ್ಕೆ ಕಟ್ಟಿದ ಗೆರಟೆ ಮಗುಚದೇ ಬಿಟ್ಟರೆ ಅದರಲ್ಲಿ ನಿಂತ ನೀರು ಈ ರೋಗ ಹರಡುವ ಪಟ್ಟೆ ಸೊಳ್ಳೆಗೆ ತೊಟ್ಟಿಲು. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯೂ ಹಾಗೇ. ಗಂಟುನೋವಿನವರಿಗೆ ‘ಹೋದ ಮಳೆಗಾಲದಲ್ಲಿ ಜ್ವರ ಬಂದಿತ್ತಾ?’ ಎಂದು ಕೇಳುವುದು ಈ ಸೀಮೆಯಲ್ಲಿ ಕಡ್ಡಾಯವಾಗಬೇಕು.

ಕರ್ನಾಟಕದ ಒಂದು ಹಳ್ಳಿಯ ಹೆಸರನ್ನೇ ಹೊತ್ತ ಗಂಟುರೋಗವಿದೆ ಎಂಬುದು ಗೊತ್ತೇ? ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು. 1970ರ ದಶಕದ ನಡುವೆ ಅಲ್ಲಿನ ಬಡ ಕೃಷಿಕೂಲಿಗಳಲ್ಲಿ ಸೊಂಟದ ಕೀಲು ಸವೆದು, ನಡಿಗೆ ಕುಂದಿ, ಕೆಲವರು ಕುಳ್ಳಾಗಿ ಉಳಿದದ್ದು ಬೆಳಕಿಗೆ ಬಂತು. ಮೊದಲು ಗದ್ದೆಯ ಏಡಿ, ಕೀಟನಾಶಕ ಎಂದೆಲ್ಲ ಶಂಕಿಸಿದರು. ಕೊನೆಗೆ ವಂಶವಾಹಿಯ ಕಡೆಗೆ ಸಾಕ್ಷ್ಯ ಬಲವಾಯಿತು. ತಲೆಮಾರುಗಳಿಂದ ನರಳಿದವರನ್ನು ಮೊದಲು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂಬುದು ಆ ಕಥೆಯ ಅತಿ ನೋವಿನ ಭಾಗ.

“ರಾತ್ರಿ ಕೈ ಜುಂ ಆಗ್ತದಾ? ಎದ್ದು ಕೊಡವಿದ್ರೆ ಹೋಗ್ತದಾ?” “ಹೌದು ಡಾಕ್ಟ್ರೇ, ಕಿರುಬೆರಳು ಒಂದು ಬಿಟ್ಟು.” ಇಷ್ಟು ಮಾತಿನಲ್ಲಿ ಮಣಿಕಟ್ಟಿನೊಳಗೆ ನರ ಒತ್ತಿದೆ ಎಂಬುದು ಹೆಚ್ಚುಕಡಿಮೆ ಖಚಿತವಾಗುತ್ತದೆ. ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಮಾತ್ರ ಹೋಗುತ್ತದೆ. ಎರಡು ಕೈಯ ಬೆನ್ನನ್ನು ಒಂದಕ್ಕೊಂದು ತಾಗಿಸಿ ಮಣಿಕಟ್ಟು ಮಡಚಿ ಒಂದು ನಿಮಿಷ ಹಿಡಿದರೆ ಜೋಮು ಮರುಕಳಿಸುತ್ತದೆ. ನಸುಕಿಗೆ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮುನ್ನೂರರಷ್ಟು ರಬ್ಬರ್ ಮರದ ತೊಗಟೆ ಕೆತ್ತುವ ಟ್ಯಾಪರ್‌ಗಳಲ್ಲಿ, ದಿನವಿಡೀ ಅಡಿಕೆ ಸುಲಿಯುವ ಹೆಂಗಸರಲ್ಲಿ ಇದನ್ನು ಹುಡುಕಬೇಕು. ಜೊತೆಗೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಬಸಿರು ಇದೆಯೇ ಎಂದೂ ವಿಚಾರಿಸಬೇಕು.

ಟೆನಿಸ್ ಎಲ್ಬೋ ಆದವರಲ್ಲಿ ಹೆಚ್ಚಿನವರು ಟೆನಿಸ್ ಬ್ಯಾಟು ಮುಟ್ಟಿದವರೇ ಅಲ್ಲ. ಕತ್ತಿ ಬೀಸುವವರು, ಬಟ್ಟೆ ಹಿಂಡುವವರು, ತೆಂಗಿನಕಾಯಿ ತುರಿಯುವವರು. ಮುಷ್ಟಿ ಹಿಡಿದು ಮಣಿಕಟ್ಟನ್ನು ಮೇಲೆತ್ತುವಾಗ ತಡೆದರೆ ಮೊಣಕೈಯ ಹೊರಬದಿ ನೋಯುತ್ತದೆ.

ಎಳೆ ಮಗುವನ್ನು ಕಂಕುಳಲ್ಲಿ ಕೈಯಿಟ್ಟು ಎತ್ತಿ ಎತ್ತಿ ಬಾಣಂತಿಯ ಹೆಬ್ಬೆರಳ ಬುಡ ಹಿಡಿಯುತ್ತದೆ. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕೆರ್ವೇನ್ 1895ರಲ್ಲೇ ಈ ತೊಂದರೆಯನ್ನು ವಿವರಿಸಿದ್ದ. ‘ಬಾಣಂತನದ ಗಾಳಿ’ ಎಂದು ಸುಮ್ಮನಿರಬೇಡಿ. ಅಂಗೈ ಮೇಲ್ಮುಖ ಮಾಡಿ ಮಗುವನ್ನು ಎತ್ತುವುದು, ಒಂದು ಪಟ್ಟಿ, ಸ್ವಲ್ಪ ವಿರಾಮ, ಇಷ್ಟರಲ್ಲೇ ಅನೇಕರಿಗೆ ಗುಣ ಕಾಣುತ್ತದೆ.

ಜಡೆ ಹೆಣೆಯಲು ಕೈ ಹಿಂದೆ ಹೋಗದು, ಬೇರೆಯವರು ಹಿಡಿದು ತಿರುಗಿಸಿದರೂ ಭುಜ ತಿರುಗದು. ಅದು ಮರಗಟ್ಟಿದ ಭುಜ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಭುಜ ತೋರಿಸಲು ಬಂದವರ ರಕ್ತದ ಸಕ್ಕರೆ ನೋಡಿದ್ದರಿಂದಲೇ ಡಯಾಬಿಟಿಸ್ ಪತ್ತೆಯಾಗುವುದೂ ಉಂಟು.

ಈಗ ಕಿವಿ. ಕಿವಿನೋವು ಹೊರಗಿನದೋ ಒಳಗಿನದೋ ಎಂದು ತಿಳಿಯಲು ಹಾಲೆಯನ್ನು ಎಳೆದು ನೋಡಿ. ಎಳೆದಾಗ, ಅಥವಾ ಕಿವಿಯ ಬಾಯಲ್ಲಿರುವ ಪುಟ್ಟ ಮೃದ್ವಸ್ಥಿ ಒತ್ತಿದಾಗ ಜೀವ ಹೋದಂತಾದರೆ ತೊಂದರೆ ಹೊರಗಿವಿಯ ನಾಳದ್ದು. ನೆಗಡಿಯಾದ ಮಗು ರಾತ್ರಿಯಿಡೀ ಅತ್ತು, ಹಾಲೆ ಮುಟ್ಟಿಸಿಕೊಂಡರೂ ಸುಮ್ಮನಿದ್ದರೆ ತಮಟೆಯ ಹಿಂದೆ, ನಡುಗಿವಿಯಲ್ಲಿ ಸೋಂಕು. ದೀಪ ಹಾಕಿ ನೋಡುವಾಗ ದೊಡ್ಡವರ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ, ಎಳೆಮಕ್ಕಳದ್ದನ್ನು ಕೆಳಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ಮಾತ್ರ ನಾಳ ನೇರವಾಗಿ ತಮಟೆ ಕಾಣುತ್ತದೆ.

ನಮ್ಮ ಮಳೆಗಾಲದ ತುರಿಕೆಯ ಕಿವಿಯಲ್ಲಿ ಬೂಷ್ಟು ಬೆಳೆಯುತ್ತದೆ. ಒಳಗೆ ಬಿಳಿ ಬೂದು ಪದರ, ಅದರ ಮೇಲೆ ಕಪ್ಪು ಚುಕ್ಕೆ. ಎಣ್ಣೆ ಬಿಟ್ಟಷ್ಟೂ, ಬೆಂಕಿಕಡ್ಡಿ ಹಾಕಿ ಕೆರೆದಷ್ಟೂ ಅದಕ್ಕೆ ಅನುಕೂಲ. ಆಂಟಿಬಯೋಟಿಕ್ ಹನಿಯೂ ಅದಕ್ಕೆ ನಾಟದು, ಕೆಲವೊಮ್ಮೆ ಹೆಚ್ಚಿಸುತ್ತದೆ. ಡಾಕ್ಟರು ಚೊಕ್ಕ ಮಾಡಿ ಬೂಷ್ಟಿನ ಔಷಧ ಹಾಕಿ, ಕಿವಿಯನ್ನು ಒಣಗಿಸಿ ಇಡಬೇಕು. ಅಂದಹಾಗೆ ಗುಗ್ಗೆ ಕೊಳೆಯಲ್ಲ, ನಾಳದ ಕಾವಲು. ಅದು ತಾನಾಗಿ ಹೊರಬರುತ್ತದೆ, ಕಡ್ಡಿ ಅದನ್ನು ಒಳಕ್ಕೆ ನೂಕುತ್ತದೆ.

ಸೋರುವ ಕಿವಿಗಳಲ್ಲಿ ಎರಡು ಜಾತಿ. ನೆಗಡಿಯಾದಾಗ ಧಾರಾಳವಾಗಿ, ವಾಸನೆಯಿಲ್ಲದೆ ಸೋರುವುದು ಒಂದು. ಸ್ವಲ್ಪವೇ ಸೋರಿದರೂ ಗಬ್ಬು ನಾತ ಹೊಡೆಯುವುದು ಇನ್ನೊಂದು. ಇದು ಮೂಳೆಯನ್ನು ತಿನ್ನುತ್ತ ಮಿದುಳಿನವರೆಗೂ ಹೋಗಬಲ್ಲದು. ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಕಿವಿಗೆ ಬಿಡುವ ಔಷಧವನ್ನು ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತರಲು ಹೇಳುವುದೇಕೆ? ತಣ್ಣಗಿನ ಹನಿ ಬಿದ್ದರೆ ತಲೆ ತಿರುಗುತ್ತದೆ. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುವಾಗ ಇದನ್ನೇ ಗಮನಿಸಿ, ತಣ್ಣೀರು ಬಿಸಿನೀರುಗಳಿಂದ ಒಳಗಿವಿಯ ಸಮತೋಲನವನ್ನು ಅಳೆಯುವ ಪರೀಕ್ಷೆ ಕಟ್ಟಿದ. ಅದಕ್ಕೆ 1914ರ ನೊಬೆಲ್ ಬಂತು. ಸುದ್ದಿ ಮುಟ್ಟಿದಾಗ ಅವನು ರಷ್ಯನ್ನರ ಯುದ್ಧಕೈದಿಯಾಗಿದ್ದ.

ಹಾಸಿಗೆಯಲ್ಲಿ ಮಗ್ಗುಲಾದಾಗ, ದೋಟಿಯ ತುದಿ ನೋಡಲು ತಲೆ ಎತ್ತಿದಾಗ ಒಂದು ನಿಮಿಷದೊಳಗೆ ಬಂದುಹೋಗುವ ತಲೆಸುತ್ತು ಬಿಪಿಯದ್ದಲ್ಲ, ಕತ್ತಿನ ಮೂಳೆ ಸವೆದದ್ದರದ್ದೂ ಅಲ್ಲ. ಒಳಗಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ಜಾಗ ಬಿಟ್ಟು ಅರ್ಧವರ್ತುಲದ ಕೊಳವೆಗೆ ಜಾರಿರುತ್ತವೆ. ರೋಗಿಯನ್ನು ತಲೆ ವಾರೆ ಮಾಡಿಸಿ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆ ಅದುರುವುದನ್ನು ನೋಡುವ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ಹೇಳಿಕೊಟ್ಟರು. ಹರಳನ್ನು ವಾಪಸು ಉರುಳಿಸುವ ವಿಧಾನವನ್ನು ಜಾನ್ ಎಪ್ಲಿ ರೂಪಿಸಿದರು. ಮಾತ್ರೆಯಿಲ್ಲ, ಖರ್ಚಿಲ್ಲ, ಬಹುಪಾಲು ಜನರಿಗೆ ಒಂದೆರಡು ಸಲದಲ್ಲೇ ವಾಸಿ. ವರ್ಷಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುವವರಿಗೆ ಇದು ತಿಳಿಯಲೇಬೇಕು. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲಾಗದಿದ್ದರೆ ಮಾತ್ರ ಅದು ಬೇರೆಯೇ, ಪಾರ್ಶ್ವವಾಯುವಿನ ಭಯ.

ಒಂದು ಕಿವಿ ದಿಢೀರನೆ ಮಂದವಾದರೆ ‘ಗುಗ್ಗೆ ಇರಬೇಕು’ ಎಂದು ವಾರ ಕಾಯುವವರೇ ಹೆಚ್ಚು. 512 ಹರ್ಟ್ಸ್‌ನ ಶ್ರುತಿಕವೆಯನ್ನು ಮಿಡಿದು ಹಣೆಯ ನಡುವೆ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಸದ್ದು ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ದಾರಿಯಲ್ಲಿ ಅಡ್ಡಿ, ಗುಗ್ಗೆಯಂಥದ್ದು. ಒಳ್ಳೆಯ ಕಿವಿಯಲ್ಲಿ ಜೋರಾದರೆ ನರಕ್ಕೆ ಪೆಟ್ಟು. ಅದು ತುರ್ತು, ಸ್ಟೆರಾಯ್ಡ್ ಚಿಕಿತ್ಸೆ ಆದಷ್ಟು ಬೇಗ, ಎರಡು ವಾರ ಮೀರುವ ಮೊದಲೇ ಶುರುವಾಗಬೇಕು. ಕಿವಿಯ ಎದುರಿಗೂ ಹಿಂದಿನ ಮೂಳೆಗೂ ಹಿಡಿದು ಹೋಲಿಸುವ ಪರೀಕ್ಷೆ ಜರ್ಮನಿಯ ಅಡಾಲ್ಫ್ ರಿನ್ನೆ 1855ರಲ್ಲಿ ಕೊಟ್ಟದ್ದು, ಇಂದಿಗೂ ಅದಕ್ಕೆ ಕರೆಂಟು ಬೇಡ.

ಹುಲ್ಲು ಕತ್ತರಿಸುವ ಯಂತ್ರ ಹೆಗಲಿಗೆ ಹಾಕಿಕೊಂಡು ದಿನಗೂಲಿ ಮಾಡುವ ಹುಡುಗರ ಬಗ್ಗೆ ನನಗೆ ಆತಂಕವಿದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಎಂಬುದು ಒಪ್ಪಿತ ಮಿತಿ. ಪ್ರತಿ 3 ಡೆಸಿಬೆಲ್ ಹೆಚ್ಚಾದಾಗ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದೇ ಗಂಟೆ. ಪೆಟ್ರೋಲ್ ಯಂತ್ರಗಳು ಸುಲಭವಾಗಿ 90 ದಾಟುತ್ತವೆ. ಹೀಗೆ ಹೋದ ಶ್ರವಣಶಕ್ತಿ ಹಿಂದಿರುಗುವುದಿಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥದ್ದು ನಮ್ಮ ರಾಜ್ಯದಲ್ಲೇ ಇದ್ದೂ ತೋಟದ ಯಂತ್ರದ ಜೊತೆ ಕಿವಿಗವಸು ಕೊಡುವ ರೂಢಿ ಬೆಳೆದಿಲ್ಲ.

ಕಿವಿ ನೋಯುತ್ತಿದೆ, ದೀಪ ಹಾಕಿ ನೋಡಿದರೆ ಕಿವಿ ಚೆನ್ನಾಗಿಯೇ ಇದೆ. ಆಗ ಬಾಯಿ ತೆರೆಸಬೇಕು. ಹುಳುಕು ಹಲ್ಲು, ದವಡೆಯ ಕೀಲು, ಗಂಟಲು, ನಾಲಗೆಯ ಬುಡ, ಇವುಗಳ ನೋವು ನರಗಳ ಮೂಲಕ ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಎಲೆ, ಅಡಿಕೆ, ಹೊಗೆಸೊಪ್ಪು ಜಗಿಯುವವರಲ್ಲಿ ಒಂದೇ ಬದಿಯ ವಾಸಿಯಾಗದ ಕಿವಿನೋವು ಗಂಟಲಿನ ಅಥವಾ ನಾಲಗೆಯ ಕ್ಯಾನ್ಸರಿನ ಮೊದಲ ಕುರುಹಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಡಿಕೆಯಿಂದಲೇ ಒಲೆ ಉರಿಯುವ ಊರಿನಲ್ಲಿ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬರೆಯದಿರಲು ಮನಸ್ಸೊಪ್ಪುವುದಿಲ್ಲ. ಬೇಗ ಕಂಡರೆ ಉಳಿಸಬಹುದಾದ ಜೀವ ಅದು.

ಕಿವಿಯೊಳಗೆ ಹುಳು ಹೊಕ್ಕರೆ ಕೆಲವು ಹನಿ ಉಗುರುಬೆಚ್ಚಗಿನ ಎಣ್ಣೆ ಬಿಟ್ಟು ಅದನ್ನು ಸಾಯಿಸಿ, ಆಮೇಲೆ ಡಾಕ್ಟರ ಬಳಿ ಹೋಗಿ ತೆಗೆಸಬಹುದು. ತಮಟೆ ತೂತಾದವರಿಗೆ ಮಾತ್ರ ಇದು ಸಲ್ಲದು. ಕಡಲೆ, ಹೆಸರು ಹೊಕ್ಕರೆ ನೀರು ಬಿಡಬೇಡಿ, ಉಬ್ಬುತ್ತದೆ. ಆಟಿಕೆಯ ಗುಂಡಿ ಬ್ಯಾಟರಿಯಾದರೆ ಏನೂ ಬಿಡದೆ ಓಡಿ. ಅದು ಕೆಲವೇ ಗಂಟೆಯಲ್ಲಿ ಒಳಗೆ ಸುಡುತ್ತದೆ.

ಕಣ್ಣಿನ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಸುಣ್ಣ. ಆಮ್ಲಕ್ಕಿಂತ ಕ್ಷಾರ ಅಪಾಯಕಾರಿ: ಆಮ್ಲ ಮೇಲ್ಪದರವನ್ನು ಹೆಪ್ಪುಗಟ್ಟಿಸಿ ಅಲ್ಲೇ ನಿಲ್ಲುತ್ತದೆ, ಸುಣ್ಣ ಕರಗಿಸುತ್ತ ಒಳಗೆ ಇಳಿಯುತ್ತದೆ. ಎಲೆಯಡಿಕೆಯ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಹಿಸುಕಿ ಕಣ್ಣಿಗೆ ಚಿಮ್ಮಿಸಿಕೊಂಡ ಪ್ರಕರಣಗಳು ದೇಶದ ಕಣ್ಣಿನ ಆಸ್ಪತ್ರೆಗಳಿಗೆಲ್ಲ ಪರಿಚಿತ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲೂ ಇದೇ ಸುಣ್ಣ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗಕ್ಕೆ ಈ ಸಿಂಪಡಣೆಯನ್ನು ತೋರಿಸಿಕೊಟ್ಟರು, ಅಡಿಕೆ ಉಳಿಯಿತು. ಆದರೆ ಕಣ್ಣೆತ್ತಿ ಹೊಡೆಯುವವರ ಕಣ್ಣಿಗೆ ಕನ್ನಡಕ ಇಂದಿಗೂ ವಿರಳ. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲಕ್ಕೂ ಇದೇ ಮಾತು. ಏನೇ ಬಿದ್ದರೂ ಆಸ್ಪತ್ರೆ ಹುಡುಕುವ ಮೊದಲು ಅಲ್ಲಿಯೇ, ಸಿಕ್ಕ ಶುದ್ಧ ನೀರಿನಲ್ಲಿ, ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಬೇಕು. ಪಯಸ್ವಿನಿ ಹೊಳೆ ದಾಟಿ ಸುಳ್ಯ ಮುಟ್ಟುವಷ್ಟರಲ್ಲಿ ಕಣ್ಣು ಹೋಗಿರಬಹುದು. ಮನೆಯ ಕೊಳಾಯಿ ಉಳಿಸಬಲ್ಲದು.

ತೊಳೆಯಬಾರದ ಗಾಯವೂ ಒಂದಿದೆ. ಹುಲ್ಲು ಕತ್ತರಿಸುವ ಯಂತ್ರದಿಂದ ಸಿಡಿದ ಕಲ್ಲೋ ಲೋಹದ ಚೂರೋ ಕಣ್ಣನ್ನು ಸೀಳಿದರೆ, ಪಾಪೆ ದುಂಡಗಿರದೆ ಒಂದು ಕಡೆ ಚೂಪಾಗಿ ಎಳೆದಿದ್ದರೆ, ಒತ್ತಬೇಡಿ, ತೊಳೆಯಬೇಡಿ, ಮುಲಾಮು ಹಾಕಬೇಡಿ. ಕಾಗದದ ಲೋಟದ ತಳವನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಅಂಟಿಸಿ ಹೊರಡಿ.

ಕೆಂಪು ಕಣ್ಣುಗಳೆಲ್ಲ ಕೆಂಗಣ್ಣು ರೋಗವಲ್ಲ. 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದ ಶಾಲೆಗಳಲ್ಲೆಲ್ಲ ಹಬ್ಬಿದ್ದು ಅಂಟು ಪಿಸುರಿನ, ಕಿರಿಕಿರಿಯ, ದೃಷ್ಟಿ ಕೆಡದ ಕೆಂಗಣ್ಣು, ತಾನಾಗಿ ವಾಸಿಯಾಗುವಂಥದ್ದು. ದೃಷ್ಟಿ ಮಂಜಾದರೆ, ಒಳಗಿನಿಂದ ನೋವಾದರೆ, ಬೆಳಕು ತಡೆಯದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಬೇರೆ ಕಥೆ. ದಕ್ಷಿಣ ಭಾರತದಲ್ಲಿ ಎಲೆ, ಕಡ್ಡಿ, ಭತ್ತದ ಹೊಟ್ಟು ತಾಗಿದ ಕಣ್ಣಿನ ಹುಣ್ಣಿಗೆ ಬಹಳ ಸಲ ಬೂಷ್ಟು ಕಾರಣ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆದ ಸ್ಟೆರಾಯ್ಡ್ ಹನಿ ಮೊದಲೆರಡು ದಿನ ಕೆಂಪು ಇಳಿಸಿ ಒಳಗೊಳಗೇ ಬೂಷ್ಟನ್ನು ಬೆಳೆಸುತ್ತದೆ. ಸೊಪ್ಪಿನ ರಸ, ಎದೆಹಾಲು ಹಿಂಡುವುದೂ ಬೇಡ. ಕಿತ್ತಳೆ ಬಣ್ಣದ ಫ್ಲೋರೆಸೀನ್ ಕಾಗದ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗೀರು ಹಸಿರಾಗಿ ಹೊಳೆಯುತ್ತದೆ. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಪರೀಕ್ಷೆ ಇದು.

ವಾಂತಿ, ತಲೆನೋವು ಎಂದು ಬಂದ ಅರುವತ್ತು ದಾಟಿದ ಅಜ್ಜಿಗೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸುವ ಮೊದಲು ಟಾರ್ಚ್ ಹಿಡಿದು ಕಣ್ಣು ನೋಡಬೇಕು. ಕಣ್ಣು ಕೆಂಪು, ಪಾಪೆ ಅರ್ಧ ಅರಳಿ ಬೆಳಕಿಗೆ ಕುಗ್ಗದು, ಮುಚ್ಚಿದ ರೆಪ್ಪೆಯ ಮೇಲೆ ಮುಟ್ಟಿದರೆ ಗುಡ್ಡೆ ಗಟ್ಟಿ. ಅದು ದಿಢೀರ್ ಗ್ಲಾಕೋಮಾ. ತಡವಾದರೆ ದೃಷ್ಟಿ ಹಿಂದಿರುಗದು.

ಮುಖದ ಒಂದು ಬದಿಗೆ ಸರ್ಪಸುತ್ತು ಎದ್ದಾಗ ಮೂಗಿನ ತುದಿ ನೋಡಿ. ಅಲ್ಲಿಯೂ ಗುಳ್ಳೆಯಿದ್ದರೆ ಕಣ್ಣಿಗೂ ತಗಲುವ ಸಂಭವ ಹೆಚ್ಚು, ಏಕೆಂದರೆ ಎರಡಕ್ಕೂ ಒಂದೇ ನರದ ಕವಲು.

ಕೆರೆ, ಹೊಂಡಗಳಲ್ಲಿ ಈಜಿದವರ ಮೂಗಿನಲ್ಲಿ, ಕೆಲವೊಮ್ಮೆ ರೆಪ್ಪೆಯ ಒಳಗೆ, ಬಿಳಿ ಚುಕ್ಕೆಗಳಿರುವ ಕೆಂಪು ಮೃದು ಗಡ್ಡೆ ಬೆಳೆದು ಮುಟ್ಟಿದರೆ ರಕ್ತ ಒಸರುತ್ತದೆ. ರೈನೋಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಯ ಕೆಲಸ ಅದು. ಜಗತ್ತಿನಲ್ಲಿ ಇದು ಹೆಚ್ಚಾಗಿ ಕಾಣುವುದು ಭಾರತ ಮತ್ತು ಶ್ರೀಲಂಕಾಗಳಲ್ಲೇ.

ಮಸುಕು ಕಂಡರೆ ಕನ್ನಡಕ ಸಾಕೋ, ರೋಗವೋ? ಗಟ್ಟಿ ಕಾಗದದಲ್ಲಿ ಒಂದು ಮಿಲಿಮೀಟರ್ ಚಿಲ್ಲರೆಯ ತೂತು ಮಾಡಿ ಅದರ ಮೂಲಕ ನೋಡಿ. ಅಕ್ಷರ ತಿಳಿಯಾದರೆ ಕನ್ನಡಕದಿಂದ ಸರಿಹೋಗುವ ತೊಂದರೆ. ಆಗದಿದ್ದರೆ ಪೊರೆ, ಅಕ್ಷಿಪಟಲ ಮುಂತಾದವನ್ನು ಹುಡುಕಬೇಕು. ಪೊರೆಯೆಂದರೆ ಡಾ. ಎಂ.ಸಿ. ಮೋದಿ ನೆನಪಾಗುತ್ತಾರೆ. ಹಳ್ಳಿಹಳ್ಳಿಗೆ ಹೋಗಿ ಶಿಬಿರ ಮಾಡಿದ ನಮ್ಮ ನಾಡಿನ ಆ ಕಣ್ಣಿನ ವೈದ್ಯರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಮಗುವಿನ ಫೋಟೋವನ್ನು ಫ್ಲ್ಯಾಷ್ ಹಾಕಿ ತೆಗೆದಾಗ ಒಂದು ಪಾಪೆ ಕೆಂಪಾಗಿಯೂ ಇನ್ನೊಂದು ಪದೇ ಪದೇ ಬೆಳ್ಳಗೂ ಬಂದರೆ ಫೋನಿನ ದೋಷವೆಂದು ಅಳಿಸಬೇಡಿ. ಎಳೆಯರ ಕಣ್ಣಿನ ಕ್ಯಾನ್ಸರ್ ಹಾಗೆ ಕಾಣಿಸಿಕೊಳ್ಳುತ್ತದೆ. ಆ ಫೋಟೋವನ್ನೇ ಡಾಕ್ಟರಿಗೆ ತೋರಿಸಿ.

ನಲವತ್ತು ದಾಟಿದವರು ಅಂಗಳದಲ್ಲಿ ಒಣ ಅಡಿಕೆ ಸುಲಿಯುವಾಗ, ಕೊಳೆತದ್ದನ್ನು ಬೇರ್ಪಡಿಸುವಾಗ ಕೈ ನಿಧಾನವಾಗುವುದು ವಯಸ್ಸಿನ ಸೋಲೆಂದು ತಿಳಿಯುತ್ತಾರೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ಮೀರಿದ 751 ಕೊಯ್ಲುಗಾರರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಹತ್ತಿರದ ನೋಟದ ಸಾದಾ ಕನ್ನಡಕ ಕೊಟ್ಟರು, ಉಳಿದವರಿಗೆ ಪರೀಕ್ಷೆ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿದವರ ಕೊಯ್ಲು ಉಳಿದವರಿಗಿಂತ ಶೇ. 21.7ರಷ್ಟು ಹೆಚ್ಚಾಯಿತು. ಸುಲಿಯಲು ಕೂತ ಅಕ್ಕಂದಿರಿಗೆ ಅಂಥ ಒಂದು ಕನ್ನಡಕಕ್ಕೆ ತಗಲುವ ಖರ್ಚು ಕೆಲವು ನೂರು ರೂಪಾಯಿ. ದೃಷ್ಟಿ ಅಳೆಯುವುದನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ ಮಾಡಿಸಿಕೊಳ್ಳಿ.